ದುರ್ಯೋಧನನ ಗಂಟಲಿನ ಹಗೇವು

ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಹೋದ ವರ್ಷ ಗದಾಯುದ್ಧದ ಕಥೆಯ ಒಂದು ಪೌರಾಣಿಕ ನಾಟಕ ನೋಡಿದೆ. ದುರ್ಯೋಧನನ ಪಾತ್ರ ಮಾಡಿದವರು ಐವತ್ತರ ಹತ್ತಿರದ ಒಬ್ಬ ಕಲಾವಿದೆ. ಕರಪತ್ರದಲ್ಲಿ ಹೆಸರಿದ್ದರೂ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಅರ್ಧ ಗಂಟೆ ನಂಬಲೇ ಇಲ್ಲ. ನಂಬಿದ ಮೇಲೆ ಅವರು ಹೇಳಿದ್ದು ಇಷ್ಟು: 'ಆಕೆಗೆ ಗಂಡು ದೈವ ಮೈದುಂಬುತ್ತದೆ. ಇಲ್ಲದಿದ್ದರೆ ಹೆಣ್ಣಿನ ಗಂಟಲಿನಿಂದ ಆ ದನಿ ಬರುವುದುಂಟೇ?' ಹಿಂದಿನ ಸಾಲಿನಲ್ಲಿದ್ದ, ಓದಿಕೊಂಡವರಂತೆ ಕಂಡ ಇನ್ನೊಬ್ಬರು ತಿದ್ದಿದರು: 'ದೈವವೂ ಇಲ್ಲ, ಏನೂ ಇಲ್ಲ. ಗಂಡಸಿನ ಹಾರ್ಮೋನು ಹೆಚ್ಚಿರಬೇಕು.'

ಎರಡೂ ಮಾತು ನನಗೆ ನೋವು ತಂದವು. ಒಂದು ಆಕೆಯ ಬದುಕಿನ ತಾಲೀಮನ್ನೆಲ್ಲ ದೇವರ ಲೆಕ್ಕಕ್ಕೆ ಬರೆಯುತ್ತದೆ, ಇನ್ನೊಂದು ಗ್ರಂಥಿಯ ಲೆಕ್ಕಕ್ಕೆ. ಹಾರ್ಮೋನಿನ ಮಾತನ್ನಂತೂ ಅಲ್ಲಿಯೇ ತಳ್ಳಿಹಾಕಬಹುದಿತ್ತು. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಒಮ್ಮೆ ಧ್ವನಿತಂತುಗಳನ್ನು ಉದ್ದ ಮಾಡಿ ದಪ್ಪ ಮಾಡಿತೆಂದರೆ ಅವು ಮತ್ತೆ ಹಿಂದಿನಂತಾಗುವುದಿಲ್ಲ. ದನಿ ಒಡೆದ ಹುಡುಗ ಮುಂದೆಲ್ಲ ಆ ಒಡೆದ ದನಿಯಲ್ಲೇ ಬದುಕುತ್ತಾನೆ. ಈ ಕಲಾವಿದೆಯಾದರೋ ನಾಟಕ ಮುಗಿದ ಐದೇ ನಿಮಿಷಕ್ಕೆ ಚಹಾದ ಹುಡುಗನನ್ನು ಕರೆದದ್ದು ಅಪ್ಪಟ ಹೆಣ್ಣುದನಿಯಲ್ಲಿ. ಮುಖದ ಬಣ್ಣದಂತೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಹಾಕಲು ಹಾರ್ಮೋನಿಗೆ ಬರುವುದಿಲ್ಲ.

ಗಂಡುದನಿ ಎಂದರೆ ತಗ್ಗಿದ ಶ್ರುತಿ ಎಂದು ಎಲ್ಲರೂ ತಿಳಿದಿದ್ದಾರೆ. ಮಾತನಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಿನವು ಸುಮಾರು 200 ಸಲ ಕಂಪಿಸುತ್ತವೆ ಎಂಬುದು ನಿಜ. ಆದರೆ ಶ್ರುತಿಯೊಂದೇ ಗಂಡಸುತನದ ಗುರುತಾಗಿದ್ದರೆ ನಮ್ಮ ಕಂಪನಿ ನಾಟಕಗಳ ಗತಿ ಏನಾಗಬೇಕಿತ್ತು? ಮೈಕ್ ಇಲ್ಲದ ಕಾಲದಲ್ಲಿ ಗಂಡು ನಟರು ಕೊನೆಯ ಸಾಲಿಗೂ ಕೇಳಿಸಲೆಂದು ಹಾರ್ಮೋನಿಯಂನ ಕರಿ ನಾಲ್ಕರವರೆಗೂ, ಅಂದರೆ ನಾಲ್ಕನೆಯ ಕಪ್ಪು ಮನೆಯವರೆಗೂ, ಶ್ರುತಿ ಏರಿಸಿ ಹಾಡುತ್ತಿದ್ದರು. ಅದು ಹೆಂಗಸರು ಹಾಡುವ ಎತ್ತರ. ಅಷ್ಟಾದರೂ ಭೀಮನ ಹಾಡು ಕೇಳಿ ಇದು ದ್ರೌಪದಿಯ ದನಿ ಎಂದು ಯಾವ ಪ್ರೇಕ್ಷಕನೂ ಮೋಸ ಹೋಗಲಿಲ್ಲ. ಹಾಗಿದ್ದರೆ ಕಿವಿ ಶ್ರುತಿಯನ್ನು ಬಿಟ್ಟು ಇನ್ನೇನನ್ನೋ ಅಳೆಯುತ್ತಿದೆ.

ಕಿವಿ ಅಳೆಯುವುದು ಕೊಳವೆಯ ಉದ್ದವನ್ನು. ನನ್ನನ್ನು ವರ್ಷಗಟ್ಟಲೆ ಹಿಡಿದಿಟ್ಟಿರುವ ಸಂಗತಿ ಇದು. ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಲ್ಲಿಯ ಕೆಳಗೆ ಕೊಡ ಇಟ್ಟು ಬೇರೆ ಕಡೆ ಮುಖ ಮಾಡಿ ನಿಂತ ಹೆಣ್ಣುಮಗಳು, ಕೊಡ ತುಂಬುವ ಹೊತ್ತಿಗೆ ಸರಿಯಾಗಿ ತಿರುಗಿ ನಲ್ಲಿ ನಿಲ್ಲಿಸುತ್ತಾಳೆ. ಅವಳಿಗೆ ಹೇಗೆ ಗೊತ್ತಾಯಿತು? ನೀರು ಏರಿದಂತೆ ಅದರ ಮೇಲಿನ ಗಾಳಿಯ ಕಂಬ ಗಿಡ್ಡವಾಗುತ್ತದೆ, ಗಿಡ್ಡವಾದಂತೆ ಸದ್ದು ತೆಳ್ಳಗಾಗಿ ಮೇಲೇರುತ್ತದೆ. ಬಿದ್ದ ನೀರು ಅದೇ, ನಲ್ಲಿ ಅದೇ. ಬದಲಾದದ್ದು ಖಾಲಿ ಜಾಗದ ಉದ್ದ ಮಾತ್ರ. ಹೆಣ್ಣುಮಗಳ ಕಿವಿ ಕಣ್ಣಿನ ಸಹಾಯವಿಲ್ಲದೆ ಆ ಉದ್ದವನ್ನು ಅಳೆಯಿತು. ನಮ್ಮ ಗಂಟಲಿನಲ್ಲಿಯೂ ಧ್ವನಿತಂತುಗಳೇ ನಲ್ಲಿ, ಅಲ್ಲಿಂದ ತುಟಿಯವರೆಗಿನ ದಾರಿಯೇ ಕೊಡ. ಗಂಡಸಿನಲ್ಲಿ ಆ ದಾರಿ ಸುಮಾರು ಹದಿನೇಳೂವರೆ ಸೆಂಟಿಮೀಟರ್, ಹೆಂಗಸಿನಲ್ಲಿ ಸುಮಾರು ಹದಿನಾಲ್ಕೂವರೆ. ಮೂರು ಸೆಂಟಿಮೀಟರ್, ಅಂದರೆ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು ವ್ಯತ್ಯಾಸ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದ ಕೊಳವೆಯ ಲೆಕ್ಕ ಹಾಕಿದರೆ ಮೊದಲನೆಯದರ ಮೊದಲ ಅನುರಣನ, ಅಂದರೆ ಒಳಗಿನ ಗಾಳಿ ತಾನಾಗಿ ಮೊಳಗುವ ಮೊದಲ ಎತ್ತರ, 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಹತ್ತಿರ ಬೀಳುತ್ತದೆ, ಎರಡನೆಯದರದು 600ರ ಹತ್ತಿರ. ಆ, ಈ, ಊ ಎಂದು ಸ್ವರಾಕ್ಷರ ಬದಲಾದಂತೆ ಈ ಅಂಕಿಗಳು ಏರಿಳಿಯುತ್ತವೆ, ಆದರೆ ಅನುರಣನಗಳ ಇಡೀ ಸಾಲು ಹೆಂಗಸಿನಲ್ಲಿ ಮೇಲೆ, ಗಂಡಸಿನಲ್ಲಿ ಕೆಳಗೆ ಸರಿದು ನಿಂತಿರುತ್ತದೆ. ಒಂದೇ ಶ್ರುತಿಯಲ್ಲಿ ಗಂಡ ಹೆಂಡತಿ ಇಬ್ಬರೂ 'ಆ' ಎಂದು ಎಳೆದರೂ ಬಾಗಿಲಾಚೆಯಿಂದ ನಾವು ಗುರುತಿಸುವುದು ಇದರಿಂದ.

ಇನ್ನೂ ಒಂದು ಹೋಲಿಕೆ ಕೊಡುತ್ತೇನೆ. ಜೋಳ ತುಂಬಿಡುವ ನೆಲದೊಳಗಿನ ಕಣಜವಾದ ಹಗೇವು ನೋಡಿದವರಿಗೆ ಅದರ ಬಾಯಿ ಕಿರಿದು, ಒಳಗು ಆಳ ಎಂಬುದು ಗೊತ್ತು. ಬಾಯಲ್ಲಿ ಬಗ್ಗಿ ಕೂಗಿದರೆ ಪುಟ್ಟ ಹುಡುಗಿಯ ಕೂಗೂ ತುಂಬಿದ ದನಿಯಾಗಿ ಹಿಂದಿರುಗುತ್ತದೆ. (ಕೂಗಬಹುದು, ಇಳಿಯಬಾರದು: ಮುಚ್ಚಿಟ್ಟ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿಸಿರುತ್ತದೆ, ದೀಪ ಇಳಿಬಿಟ್ಟು ನೋಡದೆ ಇಳಿದವರು ಪ್ರಾಣ ಕಳೆದುಕೊಂಡಿದ್ದಾರೆ. ಅದನ್ನೂ ದೆವ್ವದ ಕಾಟ ಎನ್ನುವವರಿದ್ದಾರೆ.) ಹುಡುಗಿಯ ಧ್ವನಿತಂತುಗಳಿಗೆ ಏನೂ ಆಗಲಿಲ್ಲ. ಆಕೆಯ ದನಿಗೆ ಒಂದು ಆಳ ಸಿಕ್ಕಿತು, ಅಷ್ಟೆ.

ಹಾಗಾದರೆ ಹೆಂಗಸು ತನ್ನ ಕೊಳವೆಯನ್ನು ಉದ್ದ ಮಾಡಿಕೊಳ್ಳಬಲ್ಲಳೇ? ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಿ: ಧ್ವನಿಪೆಟ್ಟಿಗೆ ಮೇಲೇರುತ್ತದೆ. ಈಗ ಬಾಯಿ ತುಂಬಾ ಆಕಳಿಸಿ: ಅದು ಕೆಳಗಿಳಿಯುತ್ತದೆ. ಆ ಇಳಿದ ಜಾಗದಲ್ಲೇ ಅದನ್ನು ಸಡಿಲವಾಗಿ ನಿಲ್ಲಿಸಿಕೊಂಡು, ತುಟಿಗಳನ್ನು ತುಸು ಮುಂದಕ್ಕೆ ಚಾಚಿ ಮಾತನಾಡುವುದನ್ನು ಕಲಿತರೆ ಎರಡೂ ಸೇರಿ ಒಂದೂವರೆ ಸೆಂಟಿಮೀಟರ್ ಗಳಿಸಬಹುದು. ಹದಿನಾಲ್ಕೂವರೆ ಹದಿನಾರಾಯಿತು; ಮೊದಲ ಅನುರಣನ 600ರಿಂದ 550ರ ಹತ್ತಿರ ಬಂತು. ಅರ್ಧ ದಾರಿ ಸವೆಯಿತು. ಶ್ರುತಿಯನ್ನು 200ರಿಂದ 160ರ ಆಸುಪಾಸಿಗೆ, ಗಂಡೂ ಇರಬಹುದು ಹೆಣ್ಣೂ ಇರಬಹುದು ಎನ್ನುವ ನಡುಜಾಗಕ್ಕೆ ಇಳಿಸಿದರೆ ಸಾಕು. ಅನುಮಾನದಲ್ಲಿರುವ ಕಿವಿಗೆ ಕೊಳವೆಯ ಸಾಕ್ಷಿ ಸಿಕ್ಕಿತು, ಕಿರೀಟದ ಸಾಕ್ಷಿ ಕಣ್ಣಿಗೆ ಸಿಕ್ಕಿತು, ತೀರ್ಪು ಗಂಡಿನ ಪರವಾಗಿ ಬಂತು.

ಈ ಉಪಾಯವನ್ನು ನಾವೇ ಮೊದಲು ಕಂಡುಕೊಂಡವರಲ್ಲ. ನಮ್ಮ ಕಡವೆಯ ಸಂಬಂಧಿಯಾದ ಯುರೋಪಿನ ಕೆಂಪು ಜಿಂಕೆಯ ಗಂಡು ಬೆದೆಗಾಲದಲ್ಲಿ ಘರ್ಜಿಸುವಾಗ ಧ್ವನಿಪೆಟ್ಟಿಗೆಯನ್ನು ಕತ್ತಿನುದ್ದಕ್ಕೂ ಎಳೆದು ಎದೆಯೆಲುಬಿನವರೆಗೆ ಇಳಿಸುತ್ತದೆ. ಫಿಚ್ ಮತ್ತು ರೆಬಿ ಎಂಬ ವಿಜ್ಞಾನಿಗಳು 2001ರಲ್ಲಿ ಇದನ್ನು ವಿವರಿಸಿದರು. ಕೇಳುವ ಎದುರಾಳಿಗೆ ಇದ್ದದ್ದಕ್ಕಿಂತ ದೊಡ್ಡ ಪ್ರಾಣಿ ನಿಂತಿದೆ ಎನಿಸಬೇಕು, ಅದಕ್ಕೆ. ಕಾಡಿನ ಗಂಡು ತನ್ನ ಗಂಡಸುತನ ಹೆಚ್ಚಿಸಿಕೊಳ್ಳಲು ಮಾಡುವುದನ್ನೇ ಬಳ್ಳಾರಿಯ ಕಲಾವಿದೆ ರಂಗದ ಮೇಲೆ ಮಾಡುತ್ತಾಳೆ.

ದೇಹ ಕೊಟ್ಟದ್ದರ ಮೇಲೆ ರೂಢಿ ಕಟ್ಟಿದ್ದೂ ಇದೆ. ಹರೆಯಕ್ಕೆ ಮುಂಚೆ ಹುಡುಗ ಹುಡುಗಿಯರ ಗಂಟಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ದನಿ ಮಾತ್ರ ಕೇಳಿಸಿದರೆ ಯಾವುದು ಹುಡುಗ, ಯಾವುದು ಹುಡುಗಿ ಎಂದು ಜನ ಬರಿಯ ಊಹೆಗಿಂತ ಚೆನ್ನಾಗಿಯೇ ಹೇಳುತ್ತಾರೆ. ಅಂದರೆ ಮಕ್ಕಳು ಅಪ್ಪನಂತೆ, ಅವ್ವನಂತೆ ಮಾತನಾಡುವುದನ್ನು ಮೈ ಬದಲಾಗುವ ಮುಂಚೆಯೇ ಕಲಿತಿರುತ್ತಾರೆ. ಐದು ವರ್ಷದ ಮಗುವಿಗೆ ಕಲಿಯಲು ಬಂದದ್ದು ಐವತ್ತರ ಕಲಾವಿದೆಗೆ ಬರಬಾರದೆಂದಿದೆಯೇ?

ಇಲ್ಲಿ ಇತಿಹಾಸದ ಒಂದು ತಿರುವನ್ನು ನೆನೆಯದೆ ಮುಂದೆ ಹೋಗಲಾರೆ. ನಾನು ಕುಳಿತಿದ್ದ ಕಲಾಮಂದಿರ ಯಾರ ಹೆಸರಿನಲ್ಲಿದೆಯೋ ಆ ಬಳ್ಳಾರಿ ರಾಘವರು (1880–1946) ವಕೀಲಿ ಮಾಡುತ್ತಲೇ ತೆಲುಗು, ಕನ್ನಡ ರಂಗಭೂಮಿಗಳಲ್ಲಿ ಹೆಸರು ಮಾಡಿದವರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಅವರು ಪಟ್ಟು ಹಿಡಿದ ಕಾಲದಲ್ಲಿ ಸೀತೆ, ದ್ರೌಪದಿಯರಿಗೆಲ್ಲ ಗಂಡಸರೇ ಸೀರೆ ಉಡುತ್ತಿದ್ದರು. ಗಂಡಸು ಹೆಣ್ಣಾದರೆ ಅದು ಕಲೆ, ಯಾರೂ ಹಾರ್ಮೋನಿನ ಮಾತೆತ್ತಲಿಲ್ಲ. ಮುಂದೆ 1958ರಲ್ಲಿ ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು ಹೆಂಗಸರೇ ತುಂಬಿದ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣ, ದುರ್ಯೋಧನರನ್ನು ಆಡಿ ತೋರಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜಪಾನಿನ ತಕರಾಜುಕಾ ತಂಡದಲ್ಲಿ 1914ರಿಂದಲೂ ಎಲ್ಲ ಗಂಡು ಪಾತ್ರ ಹೆಂಗಸರದೇ. ಅಷ್ಟೆಲ್ಲ ಹೆಂಗಸರ ಮೇಲೆ ದೈವ ಸರದಿಯಂತೆ ಬರುತ್ತಿತ್ತೇ?

ಒಂದು ಚಿಂತೆಯನ್ನೂ ಹೇಳಬೇಕು. ನಮ್ಮ ಕಡೆಯ ಎಳೆಯ ಕಲಾವಿದೆಯರು ಗಂಡುದನಿ ಬೇಕೆಂದು ಗಂಟಲು ಬಿಗಿದು, ಶ್ರುತಿಯನ್ನು ನೆಲಕ್ಕೆ ಒತ್ತಿ, ಅರಚುವುದನ್ನು ನೋಡಿದ್ದೇನೆ. ಬಿಗಿದ ಧ್ವನಿತಂತುಗಳು ಒಂದನ್ನೊಂದು ಬಡಿದುಕೊಂಡು ಊದಿಕೊಳ್ಳುತ್ತವೆ, ಹೀಗೇ ನಡೆದರೆ ಗಂಟು ಕಟ್ಟುತ್ತವೆ. ಆಮೇಲೆ ಕಲ್ಲುಸಕ್ಕರೆ, ಮೆಣಸು, ಲವಂಗ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಕಲ್ಲುಸಕ್ಕರೆ ಅವುಗಳನ್ನು ಮುಟ್ಟುವುದೇ ಇಲ್ಲ. ಅವುಗಳಿಗೆ ಬೇಕಾದದ್ದು ದಿನವಿಡೀ ಕುಡಿಯುವ ನೀರು, ಮೌನ, ನಿದ್ದೆ. ದನಿ ಒಡಕಾಗಿ ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋಗಲೇಬೇಕು.

ಇನ್ನು ಕಣ್ಣಿನ ಮಾತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಗಲುಗೊಂಬೆಯಾಟದ ಬಗ್ಗೆ ಎಲ್ಲರೂ ಮಾತನಾಡಿದರು. ಆ ಆಟದಲ್ಲಿ ಇರುವುದೇನು? ಒಂದು ಚರ್ಮದ ಹಾಳೆ, ಕೆಲವು ಕೀಲು, ಹಿಂದೆ ದೀಪ. ಇಷ್ಟರಲ್ಲಿ ಪರದೆಯ ಮೇಲೆ ಭೀಮ ನಡೆದುಬಂದರೆ ಮಕ್ಕಳು ಹಿಂದೆ ಸರಿಯುತ್ತಾರೆ. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಮಾಡಿದ್ದೂ ಒಂದು ಬಗೆಯ ಗೊಂಬೆಯಾಟವೇ. ನಟನೊಬ್ಬನ ಕೀಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕಿ ಅಂಟಿಸಿ ಕತ್ತಲಲ್ಲಿ ನಡೆಸಿದರು. ನಿಂತಾಗ ಅದು ಅರ್ಥವಿಲ್ಲದ ಚುಕ್ಕಿಗಳ ಗುಂಪು, ಹೆಜ್ಜೆ ಇಟ್ಟೊಡನೆ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಮನುಷ್ಯ! 1977ರಲ್ಲಿ ಕೊಜ್ಲೊವ್‌ಸ್ಕಿ ಮತ್ತು ಕಟಿಂಗ್ ಅಂಥದೇ ಚುಕ್ಕಿಗಳನ್ನು ತೋರಿಸಿ ನಡೆಯುತ್ತಿರುವುದು ಗಂಡೋ ಹೆಣ್ಣೋ ಎಂದು ಕೇಳಿದರು. ನೋಡುಗರು ತಪ್ಪೂ ಮಾಡಿದರು, ಆದರೆ ಸರಿಯಾದದ್ದೇ ಹೆಚ್ಚು. ಗುಟ್ಟು ಭುಜ ಮತ್ತು ಸೊಂಟದ ಅನುಪಾತದಲ್ಲಿದೆ. ಗಂಡಸು ನಡೆದರೆ ಭುಜ ಹೆಚ್ಚು ತೂಗುತ್ತದೆ, ಹೆಂಗಸು ನಡೆದರೆ ಸೊಂಟ.

ಪೌರಾಣಿಕ ನಾಟಕದ ಭುಜಕೀರ್ತಿಯನ್ನು ಈಗ ಹೊಸ ಕಣ್ಣಿನಿಂದ ನೋಡಿ. ಅದು ಅಲಂಕಾರವೂ ಹೌದು, ಭುಜವನ್ನು ಎರಡೂ ಕಡೆ ಅಂಗೈಯಷ್ಟು ಹಿಗ್ಗಿಸುವ ಉಪಕರಣವೂ ಹೌದು. ಅದರ ಭಾರಕ್ಕೆ ಸೊಂಟ ಸುಮ್ಮನಾಗುತ್ತದೆ, ಗದೆಯ ಭಾರಕ್ಕೆ ಪಾದಗಳು ಅಗಲವಾಗುತ್ತವೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಹೆಂಗಸಿಗೆ ದುರ್ಯೋಧನ ಸುಲಭ. ಕಷ್ಟವಿರುವುದು ಸಾಮಾಜಿಕ ನಾಟಕದ ಅಪ್ಪನ ಪಾತ್ರದಲ್ಲಿ: ಧೋತರ, ಹೆಗಲ ಮೇಲೊಂದು ಟವೆಲ್, ಬೇರೆ ಆಸರೆಯಿಲ್ಲ. ಅಂಥ ಅಪ್ಪ ಕಟ್ಟೆಯ ಮೇಲೆ ಕೂತು ಎದ್ದು ಒಳಗೆ ಹೋಗುವಷ್ಟನ್ನು ನಂಬಿಸಿದ ಕಲಾವಿದೆಯ ಕಾಲಿಗೆ ನಾನು ನಮಸ್ಕರಿಸುತ್ತೇನೆ. ಮೀಸೆಗೆ ಇಲ್ಲಿ ಬಹಳ ಕಡಿಮೆ ಕೆಲಸ. ಹತ್ತನೆಯ ಸಾಲಿನಿಂದ ಹಿಂದಕ್ಕೆ ಅದು ಕಾಣುವುದೇ ಇಲ್ಲ, ನಡಿಗೆ ಕೊನೆಯ ಸಾಲಿಗೂ ಕಾಣುತ್ತದೆ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಕಲಾವಿದೆ ಭುಜಕೀರ್ತಿ ಬಿಚ್ಚಿಟ್ಟು ಚಹಾ ಕುಡಿಯುತ್ತಿದ್ದರು. 'ಅಕ್ಕಾ, ಆ ದನಿಯನ್ನು ಎಲ್ಲಿ ಕಲಿತಿರಿ?' ಎಂದು ಕೇಳಿದೆ.

'ನಮ್ಮ ಮೇಷ್ಟ್ರು ಒಂದೇ ಮಾತು ಹೇಳಿಕೊಟ್ಟಿದ್ದರು, ತಮ್ಮಾ. ಹಗೇವಿನೊಳಗೆ ಬಗ್ಗಿ ಮಾತನಾಡಿದ ಹಾಗೆ ಮಾತನಾಡು, ಅರಚಬೇಡ ಎಂದಿದ್ದರು. ಆಕಳಿಕೆ ಬಂದಾಗ ಗಂಟಲು ಎಲ್ಲಿರುತ್ತದೋ ಅಲ್ಲಿ ಇಟ್ಟುಕೊಳ್ಳುತ್ತೇನೆ.'

ಹಗೇವಿನ ಹೋಲಿಕೆಯನ್ನು ನಾನು ಮೇಲೆ ಬಳಸಿಕೊಂಡದ್ದು ಆ ಮೇಷ್ಟ್ರಿಂದ.

'ಆಸ್ಥಾನದ ದೃಶ್ಯಕ್ಕೆ ಏನೂ ಕಷ್ಟವಿಲ್ಲ' ಎಂದು ಅವರೇ ಮುಂದುವರಿಸಿದರು. 'ವೈಶಂಪಾಯನ ಸರೋವರದ ದಂಡೆಯಲ್ಲಿ ದುರ್ಯೋಧನ ತಮ್ಮಂದಿರನ್ನು ನೆನೆದು ಅಳುತ್ತಾನಲ್ಲ, ಅಲ್ಲಿ ಕಷ್ಟ. ಅಳು ಬಂದರೆ ಗಂಟಲು ಮೇಲೇರಿಬಿಡುತ್ತದೆ, ನನ್ನ ಸ್ವಂತ ದನಿ ಹೊರಗೆ ಬರುತ್ತದೆ.'

ಆ ದೃಶ್ಯ ನನ್ನ ಕಣ್ಣ ಮುಂದಿತ್ತು. ಅಲ್ಲಿ ಹಾರ್ಮೋನಿಯಂ ಕೂಡ ನಿಂತಿತ್ತು, ಪಕ್ಕದ ಹಿರಿಯರು ಕಣ್ಣೊರೆಸಿಕೊಂಡಿದ್ದರು.

'ಹಾಗಾದರೆ ಏನು ಮಾಡುತ್ತೀರಿ?'

'ಬೆನ್ನು ತಿರುಗಿಸಿ ನಿಂತು ಭುಜದಲ್ಲಿ ಅಳುತ್ತೇನೆ' ಎಂದರು.