ಜಿಮ್ ಮಾಲೀಕರ ತಾಳಿಕೆ ಲೆಕ್ಕದ ಪುಸ್ತಕದಲ್ಲಿ ಶುರುವಾಗುತ್ತದೆ

ಜಿಮ್, ಯೋಗ ಕೇಂದ್ರ ಮತ್ತು ನೃತ್ಯ ವ್ಯಾಯಾಮದ ಸ್ಟುಡಿಯೊಗಳ ಲೆಕ್ಕಪತ್ರ ನೋಡಿಕೊಳ್ಳುವುದು, ಅವುಗಳ ಮಾಲೀಕರಿಗೆ ವ್ಯವಹಾರದ ಸಲಹೆ ಕೊಡುವುದು ನನ್ನ ವೃತ್ತಿ. ಕಷ್ಟಕ್ಕೆ ಸಿಕ್ಕಿಕೊಂಡ ಮೇಲೆ ನನ್ನ ಬಳಿ ಬರುವ ಮಾಲೀಕರಲ್ಲಿ ಧೈರ್ಯಗೆಟ್ಟವರು ಬಹಳ ಕಡಿಮೆ. ವರ್ಷಗಟ್ಟಲೆ ನಸುಕಿನಲ್ಲಿ ಎದ್ದು ಬಾಗಿಲು ತೆರೆದವರು, ಮೈನೋವನ್ನು ಸಹಿಸಿಕೊಳ್ಳುವುದನ್ನು ಬದುಕಿನ ಅಭ್ಯಾಸ ಮಾಡಿಕೊಂಡವರು, ಸೋಲನ್ನು ಅಷ್ಟು ಸುಲಭವಾಗಿ ಒಪ್ಪದವರು ಅವರು. ಆದರೂ ಅವರ ಉದ್ಯಮ ಒಂದೇ ಪೆಟ್ಟಿಗೆ ನೆಲ ಕಚ್ಚಿರುತ್ತದೆ. ಹೀಗಾಗಿ ಉದ್ಯಮಿಯ ತಾಳಿಕೆಯನ್ನು ಬರೀ ಮನೋಬಲದ ಪ್ರಶ್ನೆಯಾಗಿ ನೋಡುವ ಸಲಹೆಗಳನ್ನು ನಾನು ಒಪ್ಪುವುದಿಲ್ಲ. ಪೆಟ್ಟು ಬೀಳುವುದಕ್ಕೆ ಬಹಳ ಮೊದಲೇ ಹಣವನ್ನು ಹೇಗೆ ಇಟ್ಟುಕೊಂಡಿದ್ದರು, ಸದಸ್ಯರು ಏಕೆ ಬರುತ್ತಿದ್ದರು, ಮಾಲೀಕ ಒಂದು ವಾರ ಬರದಿದ್ದರೂ ಕೆಲಸ ನಡೆಯುತ್ತಿತ್ತೇ ಎಂಬ ಸಂಗತಿಗಳೇ ಮುಂದೆ ಯಾರು ಉಳಿಯುತ್ತಾರೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿರುತ್ತವೆ.

ಮೊದಲು ಹಣದ ಮಾತು. ಈ ಉದ್ಯಮದಲ್ಲಿ ಖರ್ಚು ತಿಂಗಳು ತಿಂಗಳೂ ಒಂದೇ ಸಮನೆ ಇರುತ್ತದೆ, ಆದಾಯ ಮಾತ್ರ ಏರಿಳಿಯುತ್ತಿರುತ್ತದೆ. ಬಾಡಿಗೆ, ತರಬೇತುದಾರರ ಸಂಬಳ, ಯಂತ್ರಗಳಿಗಾಗಿ ತೆಗೆದ ಸಾಲದ ಕಂತು, ಟ್ರೆಡ್‌ಮಿಲ್‌ಗಳ ಸರ್ವಿಸಿಂಗ್ ಇವೆಲ್ಲ ಐವತ್ತು ಜನ ಬಂದರೂ ಇನ್ನೂರು ಜನ ಬಂದರೂ ಹೆಚ್ಚು ಕಡಿಮೆ ಅಷ್ಟೇ. ಆದಾಯವಾದರೋ ಹೊಸ ವರ್ಷದ ಸಂಕಲ್ಪಗಳ ಕಾಲದಲ್ಲಿ ಒಮ್ಮೆಲೇ ಬರುತ್ತದೆ, ಅದೂ ವರ್ಷದ ಸದಸ್ಯತ್ವವನ್ನು ರಿಯಾಯಿತಿ ದರದಲ್ಲಿ ಮಾರಿದ ಮುಂಗಡದ ರೂಪದಲ್ಲಿ. ಬ್ಯಾಂಕ್ ಖಾತೆ ತುಂಬಿದ್ದನ್ನು ನೋಡಿದ ಮಾಲೀಕ ಅದನ್ನು ಲಾಭವೆಂದು ಭಾವಿಸಿ ಹೊಸ ಯಂತ್ರಗಳನ್ನು ಕೊಳ್ಳುತ್ತಾನೆ, ಇಲ್ಲವೇ ಎರಡನೆಯ ಶಾಖೆಗೆ ಠೇವಣಿ ಕಟ್ಟುತ್ತಾನೆ. ನಾನು ನೋಡಿದ ಕುಸಿತಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲಿದೆ.

ಜನವರಿ 1ರಂದು ಸದಸ್ಯನೊಬ್ಬ ಹನ್ನೆರಡು ತಿಂಗಳ ಶುಲ್ಕವನ್ನು ಒಮ್ಮೆಗೇ ಕಟ್ಟಿದರೆ, ಆ ತಿಂಗಳ ಕೊನೆಗೆ ಜಿಮ್ ಗಳಿಸಿರುವುದು ಅದರ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಉಳಿದ ಹನ್ನೊಂದು ಪಾಲು ಆತನಿಗೆ ಇನ್ನೂ ಸಲ್ಲಿಸಬೇಕಾದ ಸೇವೆಯ ಋಣ. 2018ರ ಜನವರಿ 1ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರವೂ ಸೇವೆ ಸಂದಂತೆ ಸಂದಂತೆ ಮಾತ್ರ ಹಣ ಆದಾಯವಾಗುತ್ತದೆ, ಅಲ್ಲಿಯವರೆಗೆ ಅದು ಹೊಣೆಯ ಪಟ್ಟಿಯಲ್ಲಿರುತ್ತದೆ. ಸಣ್ಣ ಜಿಮ್‌ನ ಮಾಲೀಕ ಈ ಮಾನದಂಡದ ಹೆಸರನ್ನು ತಿಳಿದಿರಬೇಕಾಗಿಲ್ಲ, ಆದರೆ ಅದರ ಹಿಂದಿನ ವಿವೇಕವನ್ನು ಪಾಲಿಸದೆ ಹೋದರೆ ವರ್ಷದ ನಡುವೆ ಬಾಡಿಗೆಗೆ ಹಣವಿಲ್ಲದಂತಾಗುತ್ತದೆ. ಆಗ ಅವನು ಇನ್ನೂ ಹೆಚ್ಚಿನ ರಿಯಾಯಿತಿ ಘೋಷಿಸಿ ಎರಡು ವರ್ಷದ ಸದಸ್ಯತ್ವ ಮಾರುತ್ತಾನೆ, ಅದೂ ಸಾಲದಾದಾಗ ಆಜೀವ ಸದಸ್ಯತ್ವಕ್ಕೆ ಕೈ ಹಾಕುತ್ತಾನೆ. ನಡೆಯುತ್ತಿರುವ ಜಿಮ್ ಇದ್ದಕ್ಕಿದ್ದಂತೆ ಆಜೀವ ಸದಸ್ಯತ್ವದ ಜಾಹೀರಾತು ಹಾಕಿದರೆ, ಅಲ್ಲಿ ನಗದಿನ ಬಿಕ್ಕಟ್ಟು ಈಗಾಗಲೇ ಶುರುವಾಗಿದೆ ಎಂದೇ ನಾನು ಊಹಿಸುತ್ತೇನೆ.

ಪರಿಹಾರ ಸರಳ, ಪಾಲಿಸುವುದು ಕಷ್ಟ. ಮುಂಗಡ ಬಂದ ಶುಲ್ಕಕ್ಕೆ ಪ್ರತ್ಯೇಕ ಖಾತೆ ತೆರೆಯಬೇಕು, ಪ್ರತಿ ತಿಂಗಳ ಕೊನೆಗೆ ಆ ತಿಂಗಳ ಪಾಲನ್ನು ಮಾತ್ರ ನಿತ್ಯದ ಖರ್ಚಿನ ಖಾತೆಗೆ ವರ್ಗಾಯಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಈಗಾಗಲೇ ಮುಂಗಡವನ್ನೆಲ್ಲ ಖರ್ಚು ಮಾಡಿಕೊಂಡವರು ಒಮ್ಮೆಲೇ ಇದಕ್ಕೆ ಬದಲಾಗಲಾರರು. ಅಂಥವರಿಗೆ ಹೊಸದಾಗಿ ಬರುವ ಪ್ರತಿ ಶುಲ್ಕದಲ್ಲಿ ಕಾಲುಭಾಗವನ್ನಾದರೂ ಆ ಖಾತೆಗೆ ಹಾಕುವುದರಿಂದ ಆರಂಭಿಸಿ ಎನ್ನುತ್ತೇನೆ. ಇದರ ಜೊತೆಗೆ, ಒಬ್ಬ ಸದಸ್ಯನೂ ಬರದಿದ್ದರೂ ಕಟ್ಟಲೇಬೇಕಾದ ಖರ್ಚುಗಳನ್ನು ಒಂದು ಹಾಳೆಯಲ್ಲಿ ಬರೆದು, ಅದರ ಮೂರು ತಿಂಗಳ ಮೊತ್ತವನ್ನು ಆಪತ್ತಿಗೆಂದು ತೆಗೆದಿಡಬೇಕು. ಯಂತ್ರಗಳ ಮೇಲೆ ಸಾಲ ಇರುವವರು ಆರು ತಿಂಗಳ ಮೊತ್ತವನ್ನೇ ಗುರಿಯಾಗಿಟ್ಟುಕೊಳ್ಳುವುದು ಕ್ಷೇಮ.

ಇದು ಅತಿಯಾದ ಎಚ್ಚರಿಕೆ ಎನ್ನುವವರಿಗೆ 2020ನೇ ಇಸವಿಯನ್ನು ನೆನಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಕರೆದ ಕೆಲವೇ ವಾರಗಳಲ್ಲಿ ಜಗತ್ತಿನ ಬಹುಭಾಗದಲ್ಲಿ ಜಿಮ್‌ಗಳ ಬಾಗಿಲು ಮುಚ್ಚಿದವು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಗೋಲ್ಡ್ಸ್ ಜಿಮ್ ಆ ವರ್ಷದ ಮೇ ತಿಂಗಳಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು, ಜೂನ್‌ನಲ್ಲಿ 24 ಅವರ್ ಫಿಟ್‌ನೆಸ್ ನೂರಕ್ಕೂ ಹೆಚ್ಚು ಕೇಂದ್ರಗಳನ್ನು ಶಾಶ್ವತವಾಗಿ ಮುಚ್ಚಿ ಅದೇ ದಾರಿ ಹಿಡಿಯಿತು. ಹೆಸರು, ಗಾತ್ರ, ದಶಕಗಳ ಅನುಭವ ಯಾವುದೂ ಅವುಗಳನ್ನು ಕಾಯಲಿಲ್ಲ. ಅದೇ ಕಾಲದಲ್ಲಿ, ಸಾಲ ಕಡಿಮೆ ಇದ್ದು ಕೈಯಲ್ಲಿ ಕೆಲವು ತಿಂಗಳ ಹಣ ಇಟ್ಟುಕೊಂಡಿದ್ದ ಪುಟ್ಟ ಸ್ಟುಡಿಯೊಗಳು ಉಳಿದು ಮತ್ತೆ ತೆರೆದದ್ದನ್ನು ನಾನೇ ಕಂಡಿದ್ದೇನೆ.

ಎರಡನೆಯದಾಗಿ ಸದಸ್ಯರು. ಜಿಮ್ ಎಂದರೆ ಹಣ ಕಟ್ಟಿ ಬಾರದವರ ಮೇಲೆ ನಡೆಯುವ ವ್ಯಾಪಾರ ಎಂಬ ಮಾತು ನಮ್ಮ ವಲಯದಲ್ಲಿ ಬಹಳ ಹಿಂದಿನಿಂದ ಇದೆ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಂಕಿಗಳನ್ನು ಒದಗಿಸಿತು. ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ದಾಖಲೆ ನೋಡಿದಾಗ, ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಶುಲ್ಕದ ಒಪ್ಪಂದ ಮಾಡಿಕೊಂಡವರು ಸರಾಸರಿ ತಿಂಗಳಿಗೆ 4.3 ಬಾರಿ ಮಾತ್ರ ಬರುತ್ತಿದ್ದರು. ಹಾಗೆ ನೋಡಿದರೆ ಅವರು ಪ್ರತಿ ಭೇಟಿಗೆ 17 ಡಾಲರ್‌ಗಿಂತ ಹೆಚ್ಚು ತೆರುತ್ತಿದ್ದರು, ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಅದೇ ಭೇಟಿ 10 ಡಾಲರ್‌ಗೆ ಸಿಗುತ್ತಿತ್ತು. ಈ ಸಂಗತಿಯನ್ನು ಸಂತೋಷದಿಂದ ಉಲ್ಲೇಖಿಸುವ ಮಾಲೀಕರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಬಾರದ ಸದಸ್ಯನಿಗೆ ನಿಮ್ಮ ಮೇಲೆ ಯಾವ ಋಣಾನುಬಂಧವೂ ಇರುವುದಿಲ್ಲ. ಮನೆಯ ಖರ್ಚು ಬಿಗಿಯಾದ ದಿನ ಅವನು ಮೊದಲು ಕಡಿತ ಮಾಡುವುದು ನಿಮ್ಮ ಶುಲ್ಕವನ್ನೇ. ಕಷ್ಟಕಾಲದಲ್ಲಿ ಜೊತೆಗೆ ನಿಲ್ಲುವವರು, ಬಾಗಿಲು ಮುಚ್ಚಿದ್ದಾಗಲೂ ಶುಲ್ಕ ಕಟ್ಟಿ ಕಾಯುವವರು ಎಂದರೆ ವಾರಕ್ಕೆ ಮೂರು ದಿನ ಬಂದು, ಮೈಯಲ್ಲಿ ವ್ಯತ್ಯಾಸ ಕಂಡುಕೊಂಡವರು.

ಸದಸ್ಯರು ಬಿಟ್ಟುಹೋಗುವ ಪ್ರಮಾಣವನ್ನು ಪ್ರತಿ ತಿಂಗಳೂ ಬರೆದಿಡುವ ಜಿಮ್‌ಗಳು ವಿರಳ. ಹೊಸದಾಗಿ ಸೇರಿದವರ ಸಂಖ್ಯೆಯನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಹೋದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ತಿಂಗಳಿಗೆ ಶೇ 8ರಷ್ಟು ಮಂದಿ ಬಿಟ್ಟುಹೋದರೆ, ಇಂದು ಇರುವ ನೂರು ಸದಸ್ಯರಲ್ಲಿ ವರ್ಷದ ಕೊನೆಗೆ ಉಳಿಯುವವರು ಸುಮಾರು 37 ಮಂದಿ. ಅದೇ ಪ್ರಮಾಣ ಶೇ 5 ಆದರೆ 54, ಶೇ 3ಕ್ಕೆ ಇಳಿದರೆ 69. ಸದಸ್ಯನೊಬ್ಬ ಸರಾಸರಿ ಎಷ್ಟು ಕಾಲ ಉಳಿಯುತ್ತಾನೆಂದು ನೋಡಿದರೆ, ಶೇ 8ರಲ್ಲಿ ಹನ್ನೆರಡೂವರೆ ತಿಂಗಳು, ಶೇ 3ರಲ್ಲಿ ಮೂವತ್ತಮೂರು ತಿಂಗಳು. ಹೀಗೆ ಐದು ಅಂಶದ ವ್ಯತ್ಯಾಸವೇ ಒಬ್ಬ ಮಾಲೀಕನನ್ನು ಸದಾ ಹೊಸಬರ ಬೇಟೆಯಲ್ಲಿ ಓಡಾಡಿಸುತ್ತದೆ, ಇನ್ನೊಬ್ಬನಿಗೆ ಉಸಿರಾಡಲು ಸಮಯ ಕೊಡುತ್ತದೆ. ಜಾಹೀರಾತಿಗೆ ಸುರಿಯುವ ಹಣದಲ್ಲಿ ಅರ್ಧವನ್ನು ಇರುವವರನ್ನು ಉಳಿಸಿಕೊಳ್ಳಲು ಬಳಸಿದರೆ ಲಾಭ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಳಿಸಿಕೊಳ್ಳುವ ಕೆಲಸ ನಡೆಯಬೇಕಾದದ್ದು ಮೊದಲ ಮೂರು ತಿಂಗಳಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ನಡವಳಿಕೆ ರೂಢಿಯಾಗಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹರಡಿಕೊಂಡಿತ್ತು. ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ ಎಂಬುದೂ ಅದರಲ್ಲಿ ಕಂಡುಬಂತು. ಹೊಸ ಸದಸ್ಯ ಒಂದು ವಾರ ಬಾರದೆ ಹೋದಾಗ ತರಬೇತುದಾರ ಕರೆಮಾಡಿ ಈ ಮಾತನ್ನು ಆತ್ಮೀಯವಾಗಿ ಹೇಳಿದರೆ, ನಾಚಿಕೆಯಿಂದ ದೂರ ಸರಿಯುತ್ತಿದ್ದ ಎಷ್ಟೋ ಮಂದಿ ಮರಳಿ ಬರುತ್ತಾರೆ. ಹಾಜರಿ ಪುಸ್ತಕವನ್ನು ಸೋಮವಾರ ತೆರೆದು, ಹತ್ತು ದಿನಗಳಿಂದ ಕಾಣದವರ ಪಟ್ಟಿ ಮಾಡಿ ಕರೆಮಾಡುವುದಕ್ಕೆ ಯಾವ ತಂತ್ರಾಂಶವೂ ಬೇಡ.

ತರಬೇತುದಾರರ ವಿಷಯ ಇನ್ನಷ್ಟು ಸೂಕ್ಷ್ಮ. ಸದಸ್ಯರ ನಂಟು ಜಿಮ್‌ನ ಗೋಡೆಗಳೊಂದಿಗೆ ಇರುವುದಿಲ್ಲ, ತಮಗೆ ಕಲಿಸುವ ವ್ಯಕ್ತಿಯೊಂದಿಗೆ ಇರುತ್ತದೆ. ಜನಪ್ರಿಯ ತರಬೇತುದಾರರೊಬ್ಬರು ಕೆಲಸ ಬಿಟ್ಟಾಗ ಅವರ ಪರ್ಸನಲ್ ಟ್ರೈನಿಂಗ್ ಗ್ರಾಹಕರೆಲ್ಲ ಹಿಂದೆಯೇ ಹೊರಡುವುದು ಈ ಉದ್ಯಮದ ಸಾಮಾನ್ಯ ಆಘಾತ. ಇದನ್ನು ತಡೆಯಲು ಕಠಿಣ ಕರಾರುಗಳನ್ನು ಬರೆಸಿಕೊಳ್ಳುವವರಿದ್ದಾರೆ; ಕರಾರಿನಿಂದ ಉಳಿದವರು ಮನಸ್ಸಿಟ್ಟು ಕಲಿಸುವುದನ್ನು ನಾನಂತೂ ಕಂಡಿಲ್ಲ. ಪ್ರತಿ ಗ್ರಾಹಕನಿಗೂ ಇಬ್ಬರು ತರಬೇತುದಾರರ ಪರಿಚಯವಿರುವಂತೆ ಬ್ಯಾಚ್‌ಗಳನ್ನು ಹೊಂದಿಸುವುದು, ವ್ಯಾಯಾಮದ ದಾಖಲೆ ಒಬ್ಬರ ತಲೆಯಲ್ಲಿ ಉಳಿಯದೆ ಜಿಮ್‌ನ ಕಡತದಲ್ಲಿ ಇರುವಂತೆ ನೋಡಿಕೊಳ್ಳುವುದು, ಹಿರಿಯ ತರಬೇತುದಾರರಿಗೆ ಆದಾಯದಲ್ಲಿ ನ್ಯಾಯವಾದ ಪಾಲು ಕೊಡುವುದು ಹೆಚ್ಚು ಫಲ ಕೊಡುತ್ತವೆ.

ಹೊಸ ಒಲವುಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಪೆಲೊಟಾನ್ ಕಂಪನಿಯ ವ್ಯಾಯಾಮದ ಸೈಕಲ್‌ಗಳಿಗೆ 2020ರಲ್ಲಿ ಬೇಡಿಕೆ ಮುಗಿಲು ಮುಟ್ಟಿತ್ತು, 2022ರ ಫೆಬ್ರವರಿಯಲ್ಲಿ ಅದೇ ಕಂಪನಿ ಸುಮಾರು 2,800 ಉದ್ಯೋಗಗಳನ್ನು ಕಡಿತ ಮಾಡಿ ಮುಖ್ಯಸ್ಥರನ್ನು ಬದಲಿಸಿತು. ಇದಕ್ಕಿಂತ ಹೆಚ್ಚು ಕಲಿಯಬೇಕಾದದ್ದು ಕರ್ವ್ಸ್‌ನಿಂದ. 1992ರಲ್ಲಿ ಟೆಕ್ಸಾಸ್‌ನಲ್ಲಿ ಮಹಿಳೆಯರಿಗಾಗಿಯೇ ಆರಂಭವಾದ, ಅರ್ಧ ಗಂಟೆಯ ಸರ್ಕ್ಯೂಟ್ ವ್ಯಾಯಾಮದ ಈ ಸರಪಳಿ 2000ರ ದಶಕದ ಮಧ್ಯಭಾಗದ ಹೊತ್ತಿಗೆ ಸುಮಾರು 10,000 ಕೇಂದ್ರಗಳಿಗೆ ಬೆಳೆದು, ಬಳಿಕ ಅಮೆರಿಕದಲ್ಲಿ ವೇಗವಾಗಿ ಕುಗ್ಗಿತು. ಜಪಾನಿನಲ್ಲಿ ಮಾತ್ರ ಅದೇ ಮಾದರಿ ವಯಸ್ಸಾದ ಮಹಿಳೆಯರ ಅಗತ್ಯಕ್ಕೆ ಹೊಂದಿಕೊಂಡು ಸುಮಾರು 2,000 ಕೇಂದ್ರಗಳಾಗಿ ನೆಲೆ ನಿಂತಿತು. 2018ರಲ್ಲಿ ಜಪಾನಿನ ಕಂಪನಿಯೇ ಮೂಲ ಸಂಸ್ಥೆಯನ್ನು ಕೊಂಡುಕೊಂಡಿತು. ಯಂತ್ರಗಳೂ ಅರ್ಧ ಗಂಟೆಯ ಕ್ರಮವೂ ಎರಡೂ ಕಡೆ ಒಂದೇ ಆಗಿದ್ದವು. ಒಲವು ಇಳಿದ ಮೇಲೂ ಯಾರಿಗೆ ಈ ಸೇವೆ ಬೇಕಾಗಿರುತ್ತದೆ ಎಂಬ ಪ್ರಶ್ನೆಗೆ ಒಂದು ಕಡೆ ಉತ್ತರ ಸಿಕ್ಕಿತ್ತು.

ಇನ್ನು ಮಾಲೀಕರ ಮೈಮನಸ್ಸು. ಈ ವೃತ್ತಿಯಲ್ಲಿ ಗ್ರಾಹಕರು ಬರುವುದು ತಮ್ಮ ಕೆಲಸಕ್ಕೆ ಮೊದಲು ಅಥವಾ ನಂತರ, ಆದ್ದರಿಂದ ಮಾಲೀಕನ ದಿನ ಬೆಳಗಿನ ಐದಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ನಡುವಿನ ಮಧ್ಯಾಹ್ನ ಲೆಕ್ಕಪತ್ರ ಮತ್ತು ರಿಪೇರಿಗಳಲ್ಲಿ ಕಳೆಯುತ್ತದೆ. ವಯಸ್ಕರಿಗೆ ಬೇಕಾದ ಏಳು ಗಂಟೆಯ ನಿದ್ದೆ ಈ ದಿನಚರಿಯಲ್ಲಿ ಹಿಡಿಸುವುದೇ ಇಲ್ಲ. ಭಾರ ಹೊತ್ತ ಸ್ನಾಯು ಬಲಗೊಳ್ಳುವುದು ವಿಶ್ರಾಂತಿಯಲ್ಲಿ ಎಂದು ಗ್ರಾಹಕರಿಗೆ ಕಲಿಸಿ, ಅವರ ಕಾರ್ಯಕ್ರಮದಲ್ಲಿ ಹಗುರ ವಾರಗಳನ್ನು ಬರೆದುಕೊಡುವ ಮಾಲೀಕ ತನಗಾಗಿ ಅಂಥ ಒಂದು ವಾರವನ್ನೂ ಬರೆದುಕೊಂಡಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸುವ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ (ಐಸಿಡಿ) 11ನೇ ಆವೃತ್ತಿ, ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಬರುವ ಬರ್ನ್‌ಔಟ್ ಅನ್ನು ವೃತ್ತಿಗೆ ಸಂಬಂಧಿಸಿದ ವಿದ್ಯಮಾನವೆಂದು ದಾಖಲಿಸಿದ್ದು, ಶಕ್ತಿ ಬತ್ತಿಹೋದ ಭಾವನೆ, ಕೆಲಸದ ಬಗ್ಗೆ ತಿರಸ್ಕಾರ ಅಥವಾ ಮಾನಸಿಕ ದೂರ, ದಕ್ಷತೆ ಕುಂದುವಿಕೆ ಎಂಬ ಮೂರು ಲಕ್ಷಣಗಳನ್ನು ಹೇಳುತ್ತದೆ. ಇವುಗಳಲ್ಲಿ ಎರಡನೆಯದು ನಮ್ಮ ಉದ್ಯಮಕ್ಕೆ ಅತ್ಯಂತ ಅಪಾಯಕಾರಿ, ಏಕೆಂದರೆ ಮಾಲೀಕನ ಮುಖದಲ್ಲಿ ಮೂಡಿದ ಬೇಸರವನ್ನು ಸದಸ್ಯರು ಮೊದಲ ದಿನವೇ ಗುರುತಿಸುತ್ತಾರೆ. ವಾರಕ್ಕೊಂದು ದಿನ ಜಿಮ್‌ಗೆ ಕಾಲಿಡಬಾರದು, ಬೆಳಗು ಅಥವಾ ಸಂಜೆ ಇವೆರಡರಲ್ಲಿ ಒಂದು ಪಾಳಿಯನ್ನು ಬೇರೆಯವರಿಗೆ ಒಪ್ಪಿಸಬೇಕು ಎಂದು ನಾನು ಒತ್ತಾಯಿಸುತ್ತೇನೆ. ಅದಕ್ಕೆ ತಗಲುವ ಹೆಚ್ಚುವರಿ ಸಂಬಳವನ್ನು ಬಾಡಿಗೆಯಷ್ಟೇ ಅನಿವಾರ್ಯವಾದ ಖರ್ಚೆಂದು ಹಾಳೆಯಲ್ಲಿ ಬರೆಯಬೇಕು.

ತಾಳಿಕೆ ಒಬ್ಬಂಟಿಯಾಗಿ ಗಳಿಸುವ ಗುಣ ಎಂಬ ನಂಬಿಕೆಯೂ ಮಾಲೀಕರನ್ನು ಕಾಡುತ್ತದೆ. ಮನೋವಿಜ್ಞಾನಿ ಎಮ್ಮಿ ವರ್ನರ್ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದಾಗ, ಬಡತನ ಮತ್ತು ಕೌಟುಂಬಿಕ ಸಂಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಭಾಗ ಸಮರ್ಥ ವಯಸ್ಕರಾದರು. ಅವರ ಬದುಕಿನಲ್ಲಿ ಸಾಮಾನ್ಯವಾಗಿ ಕಂಡ ಸಂಗತಿಗಳಲ್ಲಿ ಮುಖ್ಯವಾದದ್ದು, ಭರವಸೆ ಇಡಬಹುದಾದ ಒಬ್ಬರಾದರೂ ಹಿರಿಯರ ಆಸರೆ. ಮಕ್ಕಳ ಅಧ್ಯಯನವನ್ನು ಉದ್ಯಮಕ್ಕೆ ನೇರವಾಗಿ ಅನ್ವಯಿಸಲಾಗದು ಎಂಬುದು ನಿಜ. ಆದರೆ ತನ್ನ ಲೆಕ್ಕವನ್ನು ಮುಚ್ಚಿಡದೆ ತೋರಿಸಬಲ್ಲ ಒಬ್ಬ ಹಿರಿಯ ಉದ್ಯಮಿಯೋ ಜೀವನಸಂಗಾತಿಯೋ ಇರುವ ಮಾಲೀಕರು ಬಿಕ್ಕಟ್ಟನ್ನು ತಿಂಗಳುಗಳ ಮೊದಲೇ ಗುರುತಿಸುತ್ತಾರೆ ಎಂಬುದನ್ನು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಕೊನೆಯದಾಗಿ, ಮುಚ್ಚುವ ಮಾತನ್ನೂ ಆಡಬೇಕು. ನಷ್ಟದ ಶಾಖೆಯನ್ನು ಸಕಾಲದಲ್ಲಿ ಮುಚ್ಚಿದವರೇ ಮತ್ತೆ ಉದ್ಯಮ ಕಟ್ಟಿದ್ದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ, ಏಕೆಂದರೆ ಅವರು ಸದಸ್ಯರ ಉಳಿದ ತಿಂಗಳುಗಳ ಶುಲ್ಕವನ್ನು ಹಿಂತಿರುಗಿಸಿದರು ಅಥವಾ ಬೇರೆ ಜಿಮ್‌ನೊಂದಿಗೆ ಮಾತನಾಡಿ ಅವರನ್ನು ಅಲ್ಲಿಗೆ ಸೇರಿಸಿದರು, ತರಬೇತುದಾರರಿಗೆ ಮುಂಚಿತವಾಗಿ ತಿಳಿಸಿ ಬಾಕಿ ಸಂಬಳ ಕೊಟ್ಟರು, ಯಂತ್ರಗಳು ಬೆಲೆ ಕಳೆದುಕೊಳ್ಳುವ ಮೊದಲೇ ಮಾರಿ ಸಾಲ ತೀರಿಸಿದರು. ಹೀಗೆ ಮಾಡಲು ಕೈಯಲ್ಲಿ ಹಣ ಇರುವಾಗಲೇ ನಿರ್ಧಾರ ಆಗಬೇಕು. ಆದ್ದರಿಂದ ವ್ಯವಹಾರ ಚೆನ್ನಾಗಿರುವ ದಿನಗಳಲ್ಲೇ ಒಂದು ಮೊತ್ತವನ್ನು ಬರೆದಿಡಿ ಎನ್ನುತ್ತೇನೆ: ಸದಸ್ಯರಿಗೆ ಸಲ್ಲಬೇಕಾದ ಮುಂಗಡದ ಬಾಕಿ, ಜೊತೆಗೆ ಸಿಬ್ಬಂದಿಯ ಒಂದು ತಿಂಗಳ ಸಂಬಳ. ಆ ಶಾಖೆಯ ಉಳಿತಾಯ ಆ ಮೊತ್ತಕ್ಕೆ ಇಳಿದ ವಾರವೇ ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ಕುಳಿತು ತೀರ್ಮಾನಿಸಬೇಕು, ಮುಂದಿನ ಜನವರಿಯ ಸಂಕಲ್ಪಗಳಿಗಾಗಿ ಕಾಯಬಾರದು.