ಕುಣಿತಕ್ಕೆ ವೀಸಾ, ಅರ್ಥಕ್ಕಿಲ್ಲ

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ರಾಯಭಾರಿ ಎಂದರೆ ಅಂಗದ. ಯಕ್ಷಗಾನ ಕವಿ ಪಾರ್ತಿಸುಬ್ಬನ ‘ಅಂಗದ ಸಂಧಾನ’ದಲ್ಲಿ ವಾಲಿಯ ಮಗ ರಾವಣನ ಒಡ್ಡೋಲಗಕ್ಕೆ ಹೋಗಿ, ಸೀತೆಯನ್ನು ಒಪ್ಪಿಸಿಬಿಡು ಎಂದು ವಾದಕ್ಕಿಳಿಯುತ್ತಾನೆ. ಸಂಧಾನ ಮುರಿದುಬೀಳುವುದು ಎಲ್ಲರಿಗೂ ಗೊತ್ತು. ಆದರೂ ಜನ ಕೂತು ಕೇಳುವುದು ಆ ಮಾತಿಗಾಗಿ. ಅದೇ ಯಕ್ಷಗಾನವನ್ನು ದೇಶದ ಪರವಾಗಿ ಹೊರಗೆ ಕಳಿಸುವ ಹೊತ್ತು ಬಂದರೆ ಮೊದಲು ಕತ್ತರಿ ಬೀಳುವುದೂ ಮಾತಿಗೇ.

ಭಾರತದ ನೃತ್ಯ ಹಡಗು ಹತ್ತಿದ ಕತೆ ಸರಕಾರದಿಂದ ಶುರುವಾಗಲಿಲ್ಲ. 1923ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ರಷ್ಯದ ಬ್ಯಾಲೆ ತಾರೆ ಆನಾ ಪಾವ್ಲೋವಾ ರಾಧೆಯಾದರು, ಉದಯಶಂಕರ್ ಕೃಷ್ಣನಾದರು. ಚಿತ್ರಕಲೆ ಕಲಿಯಲು ಲಂಡನ್ನಿಗೆ ಹೋಗಿದ್ದ ತರುಣ ಅವರು. ಗುರುಮುಖದಿಂದ ಯಾವ ಶಾಸ್ತ್ರೀಯ ಪದ್ಧತಿಯನ್ನೂ ಕಲಿತಿರಲಿಲ್ಲ. ಆದರೂ ಐರೋಪ್ಯರ ಕಣ್ಣಿಗೆ ಭಾರತೀಯ ನೃತ್ಯವೆಂದರೆ ಅದೇ ಆಯಿತು. ಬೆಂಗಳೂರಿನಲ್ಲಿ ಹುಟ್ಟಿದ ರಾಮ್ ಗೋಪಾಲ್ ಕೂಡ 1930ರ ದಶಕದಲ್ಲಿ ಹೀಗೇ ಸ್ವಂತ ಧೈರ್ಯದ ಮೇಲೆ ಹೊರಟರು.

ಸ್ವಾತಂತ್ರ್ಯ ಬಂದ ಮೇಲೆ ಇದಕ್ಕೊಂದು ಕಚೇರಿ ಬಂತು. 1950ರಲ್ಲಿ ಮೌಲಾನಾ ಆಜಾದ್ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತನ್ನು ಕಟ್ಟಿದರು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ ಕಣ್ಣುಬಿಟ್ಟಿತು. 1961ರಲ್ಲಿ ನೆಹರೂ ಅಮೆರಿಕಕ್ಕೆ ಹೋದಾಗ ಅವರ ಮತ್ತು ಕೆನಡಿಯ ಎದುರು ಇಂದ್ರಾಣಿ ರೆಹಮಾನ್ ನರ್ತಿಸಿದರು. ಅದೇ ವರ್ಷ ಬಾಲಸರಸ್ವತಿ ಟೋಕಿಯೊದಲ್ಲಿದ್ದರು. ಆಮೇಲಿನದು ಜಾತ್ರೆಗಳ ಕಾಲ: 1982ರಲ್ಲಿ ಬ್ರಿಟನ್, 1985ರಲ್ಲಿ ಅಮೆರಿಕ ಮತ್ತು ಫ್ರಾನ್ಸ್, 1987ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಭಾರತ ಉತ್ಸವ.

ರಾಯಭಾರ ಕಚೇರಿಯ ಸಂಜೆಗೆ ಅದರದ್ದೇ ಅಳತೆಯಿದೆ. ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಎದುರು ಕೂತವರಿಗೆ ಭಾಷೆ ಬಾರದು. ಕಥಕಳಿಗೆ ಈ ಅಳತೆ ಅಷ್ಟೇನೂ ತೊಡಕಾಗಲಿಲ್ಲ. ರಾತ್ರಿಯಿಡೀ ನಡೆಯುವ ಆಟವೇ ಆದರೂ ಅಲ್ಲಿ ವೇಷಧಾರಿ ಮಾತಾಡುವುದಿಲ್ಲ. ಹಿಂದೆ ಭಾಗವತರು ಹಾಡುತ್ತಾರೆ, ಕೈ, ಕಣ್ಣು, ಹುಬ್ಬು ಉಳಿದದ್ದನ್ನು ಹೇಳುತ್ತವೆ. 1967ರಲ್ಲಿ ಕೇರಳದ ಕಥಕಳಿ ಶಾಲೆ ಕಲಾಮಂಡಲದ ತಂಡ ಯುರೋಪು, ಕೆನಡಾ ಸುತ್ತಿ ಬಂದಾಗ ತರ್ಜುಮೆಗೆ ಯಾರೂ ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಯಕ್ಷಗಾನದ ತೆಂಕಣ ಶೈಲಿಯಾದ ನಮ್ಮ ತೆಂಕುತಿಟ್ಟು ಕಥಕಳಿಗೆ ದಾಯಾದಿಯೇ. ಚೆಂಡೆ, ಮುಖವರ್ಣಿಕೆ, ಬಣ್ಣದ ವೇಷಗಳಲ್ಲಿ ನಂಟು ಎದ್ದು ಕಾಣುತ್ತದೆ. ಪಾರ್ತಿಸುಬ್ಬನ ರಾಮಾಯಣಕ್ಕೂ ಕಥಕಳಿಯ ಹಿಂದಿನ ರೂಪವಾದ ಮಲಯಾಳದ ರಾಮನಾಟ್ಟಕ್ಕೂ ಏನು ಸಂಬಂಧ ಎಂದು ಪಂಡಿತರು ಜಗಳವಾಡಿದ್ದೂ ಇದೆ. ಆದರೆ ನಮ್ಮಲ್ಲಿ ವೇಷಧಾರಿ ಪದ್ಯ ಮುಗಿದ ಕೂಡಲೇ ಅದಕ್ಕೆ ಮಾತಿನಲ್ಲಿ ಅರ್ಥ ಹೇಳಬೇಕು, ಅದೂ ಆಗಿಂದಾಗ, ಬಾಯಿಪಾಠವಿಲ್ಲದೆ.

ಇದರ ಮೇಲೆ ಗಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಕನ್ನಡನಾಡಿಗೆ ಸೇರಬೇಕೆಂದ 1967ರ ಮಹಾಜನ ವರದಿ ಕಡತದಲ್ಲೇ ಉಳಿಯಿತು. ಕೇರಳ ಹೊರಗಿನವರಿಗೆ ತೋರಿಸುವ ಮುಖ ಕಥಕಳಿಯದು. ಕರ್ನಾಟಕ ಯಕ್ಷಗಾನ ಎನ್ನುವಾಗ ಬೆರಳು ಹೋಗುವುದು ಉಡುಪಿ, ಉತ್ತರ ಕನ್ನಡದ ಕಡೆಗೆ. ಅಕಾಡೆಮಿಯ ಶಾಸ್ತ್ರೀಯ ನೃತ್ಯಗಳ ಪಟ್ಟಿಯಲ್ಲಿ ಕಥಕಳಿ ಇದೆ, ಯಕ್ಷಗಾನ ಇಲ್ಲ. ಪಟ್ಟಿಗೆ ಸೇರಿದರೆ ಉದ್ಧಾರವಾದೀತೆಂದು ನನಗೇನೂ ಅನಿಸುವುದಿಲ್ಲ. ಆದರೆ ವಿಮಾನದ ಟಿಕೆಟ್ಟು ಇಂಥ ಪಟ್ಟಿಗಳನ್ನು ನೋಡಿಯೇ ಹೊರಡುತ್ತದೆ.

ಹೀಗಾಗಿ ಯಕ್ಷಗಾನ ಬಹುಮಟ್ಟಿಗೆ ಹಿತ್ತಿಲ ಬಾಗಿಲಿಂದಲೇ ಹೊರಗೆ ಹೋಯಿತು. ಅಮೆರಿಕದ ಮಾರ್ತಾ ಆಷ್ಟನ್ ಉಡುಪಿಗೆ ಬಂದು ಹಿರಿಯಡಕ ಗೋಪಾಲರಾಯರಿಂದ ಬಡಗಣ ಶೈಲಿಯಾದ ಬಡಗುತಿಟ್ಟು ಕಲಿತು, 1977ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಶಿವರಾಮ ಕಾರಂತರು ಮಾತನ್ನು ತೆಗೆದು, ವಯಲಿನ್ನು, ಸ್ಯಾಕ್ಸೊಫೋನು ಸೇರಿಸಿ ಬ್ಯಾಲೆ ಮಾಡಿ ಹೊರದೇಶಗಳಿಗೆ ಒಯ್ದರು. ಇಲ್ಲಿನ ಹಳಬರು ಮೂಗು ಮುರಿದರು. ಕಾರಂತರು ಅದಕ್ಕೆಲ್ಲ ಕಿವಿಗೊಡುವವರಾಗಿರಲಿಲ್ಲ. ಹೊರಗಿನವರ ಕಿವಿಗೆ ಏನು ದಾಟುತ್ತದೆ, ಏನು ದಾಟುವುದಿಲ್ಲ ಎಂಬ ಲೆಕ್ಕ ಅವರದ್ದು ಸರಿಯಾಗಿಯೇ ಇತ್ತು. ಕಾಸರಗೋಡಿನಿಂದ ಹಲವು ದೇಶ ಕಂಡು ಬಂದದ್ದು ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಬೊಂಬೆಗಳು. ಕಿರೀಟ, ಭುಜಕೀರ್ತಿ, ಬಣ್ಣ ಎಲ್ಲ ತೆಂಕಿನದ್ದೇ. ಪೆಟ್ಟಿಗೆಯಲ್ಲಿ ಮಲಗಿ ಪ್ರಯಾಣ ಮಾಡುವ ಕಲಾವಿದರಿಗೆ ಊಟ, ವಸತಿಯ ಖರ್ಚೂ ಇಲ್ಲ.

ಹೊರದೇಶದ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸುವುದು ಧೀಂಗಿಣ. ಗಿರಗಿರನೆ ಗಾಳಿಯಲ್ಲಿ ಸುತ್ತುವ ಆ ಹಾರಾಟಕ್ಕೆ ಕನ್ನಡ ಬೇಕಿಲ್ಲ. ಆದರೆ ಈ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಶಾಲು ಹೊದ್ದು ಕೂತಲ್ಲೇ ವಾಲಿಯಾಗುತ್ತಿದ್ದುದನ್ನು ಯಾವ ಉತ್ಸವದ ಪೆಟ್ಟಿಗೆಗೆ ತುಂಬುವುದು? ಗಲ್ಫಿನಲ್ಲಿ ಕೂಟ ನಡೆದರೂ ಸಭೆಯಲ್ಲಿರುವವರು ನಮ್ಮವರೇ. ಪಕ್ಕದ ಕೋಣೆಯ ಅರಬಿಗೆ ಕೇಳಿಸುವುದು ಚೆಂಡೆ ಮಾತ್ರ.