ಮೊದಲು ದನಿ, ಆಮೇಲೆ ಚಿತ್ರ: ಮೆಲ್ ಬ್ಲ್ಯಾಂಕ್ ಕೆಲಸದಿಂದ ಕಲಿಯುವುದು

ಕಾರ್ಟೂನಿಗೆ ದನಿ ಕೊಡುವುದು ಅಂದ್ರೆ ಪರದೆ ಮೇಲಿನ ಬಾಯಿಗೆ ಮಾತು ಹೊಂದಿಸುವುದು ಅಂತ ನಮ್ಮಲ್ಲಿ ತುಂಬ ಜನ ಅಂದುಕೊಂಡಿದ್ದೇವೆ. ಅದು ಡಬ್ಬಿಂಗ್. ಹೊರಗಿನ ಕಾರ್ಟೂನುಗಳು ಕನ್ನಡಕ್ಕೆ ಬರುವುದು ಹಾಗೇ. ಅಮೆರಿಕದ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಮೊದಲು ಮಾತು ರೆಕಾರ್ಡ್ ಆಗುತ್ತದೆ. ಯಾವ ಸದ್ದು ಎಷ್ಟು ಫ್ರೇಮ್ (ಅಂದ್ರೆ ಬಿಡಿ ಚಿತ್ರ) ಹಿಡಿಯುತ್ತದೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಪಾತ್ರದ ಬಾಯಿಯ ಚಿತ್ರ ಬರೆಯುತ್ತಾರೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕ. ನಟ ಅರ್ಧ ಸೆಕೆಂಡು ತಡೆದು ಮಾತಾಡಿದರೆ ಪಾತ್ರವೂ 12 ಫ್ರೇಮ್ ತಡೆಯಬೇಕು. ಅಂದ್ರೆ ಅರ್ಧ ನಟನೆ ಮೈಕಿನ ಮುಂದೆಯೇ ಮುಗಿದಿರುತ್ತದೆ. (ಜಪಾನಿನಲ್ಲಿ ಹೆಚ್ಚಾಗಿ ಚಿತ್ರವೇ ಮೊದಲು. ಅದು ಬೇರೆ ಪಾಠ.)

ಇದನ್ನು ಅರ್ಥ ಮಾಡಿಕೊಳ್ಳಲು ವಾರ್ನರ್ ಬ್ರದರ್ಸ್ ಸ್ಟುಡಿಯೋದ ಕಾರ್ಟೂನುಗಳಿಗೆ ದನಿ ಕೊಟ್ಟ ಅಮೆರಿಕದ ನಟ ಮೆಲ್ ಬ್ಲ್ಯಾಂಕ್ (1908–1989) ಒಬ್ಬರೇ ಸಾಕು. ಮೊಲ ಬಗ್ಸ್ ಬನ್ನಿ, ಬಾತುಕೋಳಿ ಡ್ಯಾಫಿ ಡಕ್, ಹಂದಿ ಪೋರ್ಕಿ ಪಿಗ್, ಹಕ್ಕಿ ಟ್ವೀಟಿ, ಬೆಕ್ಕು ಸಿಲ್ವೆಸ್ಟರ್ ಎಲ್ಲವೂ ಅವರದೇ ಗಂಟಲು. ರೇಡಿಯೋದಲ್ಲಿ ಪಳಗಿದವರು. ಹಾಸ್ಯನಟ ಜ್ಯಾಕ್ ಬೆನ್ನಿಯ ರೇಡಿಯೋ ಕಾರ್ಯಕ್ರಮದಲ್ಲಿ ಹಳೇ ಕಾರು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುವ ಸದ್ದನ್ನೂ ಬಾಯಲ್ಲೇ ಮಾಡುತ್ತಿದ್ದರು.

ಸಿಲ್ವೆಸ್ಟರ್ ಮತ್ತು ಡ್ಯಾಫಿಯನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ಎರಡೂ ಎಂಜಲು ಸಿಡಿಯುವ ಹಾಗೆ ‘ಸ’ ಹೇಳುತ್ತವೆ. ಹೆಚ್ಚುಕಮ್ಮಿ ಒಂದೇ ದನಿ. ಡ್ಯಾಫಿಯ ರೆಕಾರ್ಡಿಂಗ್ ಅನ್ನು ಸ್ವಲ್ಪ ವೇಗವಾಗಿ ಓಡಿಸಿ ಸ್ಥಾಯಿ ಏರಿಸಿದ್ದಾರೆ, ಅಷ್ಟೇ. ಆದರೂ ನಮಗೆ ಎರಡೂ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಬರೀ ವೇಗದಿಂದ ಇದು ಆಗುವುದಿಲ್ಲ. ಬೆಕ್ಕಿಗೆ ಜಂಭ, ಬಾತುಕೋಳಿಗೆ ದುರಾಸೆ. ಉಸಿರು ಎಲ್ಲಿ ಎಳೆದುಕೊಳ್ಳುತ್ತದೆ, ಯಾವ ಮಾತಿಗೆ ಒತ್ತು ಕೊಡುತ್ತದೆ ಅನ್ನುವುದೆಲ್ಲ ಆ ಗುಣದಿಂದ ಹುಟ್ಟುತ್ತದೆ. ಮಿಮಿಕ್ರಿ ಚೆನ್ನಾಗಿ ಬಂದ್ರೆ ಸಾಕು ಅನ್ನುವವರಿಗೆ ನನ್ನ ತಕರಾರು ಇಲ್ಲೇ.

ಇನ್ನೂ ಕಷ್ಟದ್ದು 1951ರ ಕಾರ್ಟೂನು ‘ರ‍್ಯಾಬಿಟ್ ಫೈರ್’ನಲ್ಲಿದೆ. ಬಗ್ಸ್ ಡ್ಯಾಫಿಯ ವೇಷ ಹಾಕಿ ಅದರಂತೆ ಮಾತಾಡುತ್ತಾನೆ, ಡ್ಯಾಫಿ ಬಗ್ಸ್‌ನಂತೆ. ಬ್ಲ್ಯಾಂಕ್ ಸುಮ್ನೆ ಡ್ಯಾಫಿಯ ದನಿ ತೆಗೆದರೆ ಆಗದು. ಡ್ಯಾಫಿಯನ್ನು ಅಣಕಿಸುತ್ತಿರುವ ಬಗ್ಸ್ ಕೇಳಿಸಬೇಕು. ಒಳಗಿನ ಮೊಲ ಅಲ್ಲಲ್ಲಿ ಇಣುಕಬೇಕು.

ಬಗ್ಸ್ ಕ್ಯಾರೆಟ್ ಕಚ್ಚುವ ಸದ್ದಿನ ಕಥೆ ಎಲ್ಲರಿಗೂ ಗೊತ್ತು, ಅಲ್ವಾ? ಬೇರೆ ಯಾವ ತರಕಾರಿಯೂ ಆ ಕರಕರ ಸದ್ದು ಕೊಡಲಿಲ್ಲ ಅಂತ ಬ್ಲ್ಯಾಂಕ್ ನಿಜವಾದ ಕ್ಯಾರೆಟ್ಟನ್ನೇ ಕಚ್ಚುತ್ತಿದ್ದರು. ಜಗಿದು ನುಂಗುತ್ತಾ ಕೂತರೆ ಮುಂದಿನ ಮಾತಿಗೆ ತಡವಾಗುತ್ತಿತ್ತು, ಅದಕ್ಕೇ ಉಗಿಯುತ್ತಿದ್ದರು. ಅವರಿಗೆ ಕ್ಯಾರೆಟ್ ಅಲರ್ಜಿ ಇತ್ತು ಅನ್ನುವುದು ಬರೀ ಗಾಳಿಮಾತು.

ಈಗ ದುಡ್ಡು, ಹೆಸರಿನ ವಿಷಯ. 1940ರ ದಶಕದಲ್ಲಿ ಬ್ಲ್ಯಾಂಕ್ ಸ್ಟುಡಿಯೋದವರನ್ನು ಸಂಬಳ ಜಾಸ್ತಿ ಮಾಡಿ ಅಂತ ಕೇಳಿದರು. ಆಗಲ್ಲ ಅಂದಾಗ, ಹಾಗಾದರೆ ಪರದೆ ಮೇಲೆ ಹೆಸರಾದರೂ ಹಾಕಿ ಅಂದರು. ಅದಕ್ಕೆ ಒಪ್ಪಿದರು. ಆಗಿನ ಕಾಲಕ್ಕೆ ಅದು ದೊಡ್ಡ ಗೆಲುವು. ಹೆಸರು ಕಂಡ ಮೇಲೆ ರೇಡಿಯೋ ಕೆಲಸವೂ ಹುಡುಕಿಕೊಂಡು ಬಂತು. ಆದರೆ ಅದೇ ಚಿತ್ರಗಳಲ್ಲಿ ಬೇಟೆಗಾರ ಎಲ್ಮರ್ ಫಡ್‌ಗೆ ದನಿ ಕೊಟ್ಟ ಆರ್ಥರ್ ಕ್ಯೂ. ಬ್ರಯಾನ್ ಹೆಸರು ಬರುತ್ತಿರಲಿಲ್ಲ. ಟ್ವೀಟಿಯನ್ನು ಸಾಕಿದ ಅಜ್ಜಿ ಗ್ರ್ಯಾನಿಗೆ ಮೊದಲು ಬೀ ಬೆನಡರೆಟ್, 1955ರಿಂದ ಜೂನ್ ಫೊರೇ ಮಾತಾಡಿದರು. ಅವರಿಗೂ ಅದೇ ಗತಿ. ನೋಡಿದವರು ಎಲ್ಲ ದನಿಯೂ ಬ್ಲ್ಯಾಂಕ್ ಅವರದೇ ಅಂದುಕೊಂಡರು. ಫೊರೇ ಒಂದೇ ಸ್ಟುಡಿಯೋ ನಂಬಿ ಕೂರಲಿಲ್ಲ. 1959ರಲ್ಲಿ ಟಿವಿಗೆ ಬಂದ ಹಾರುವ ಅಳಿಲು ರಾಕಿಯ ದನಿಯೂ ಅವರದೇ. 2012ರಲ್ಲಿ ಅವರಿಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂದಾಗ ವಯಸ್ಸು 94.